ಪಂಡಿತ ಸುಬ್ಬರಾಯ ಶಾಸ್ತ್ರಿಗಳ ವಿಮಾನಗಳು

ಹೆಬ್ಬಾಳವನ್ನು ದಾಟಿ ಉತ್ತರಕ್ಕೆ ಹೊರಟವರಿಗೆ ಮೊದಲು ಜಕ್ಕೂರಿನ ವಿಮಾನ ಮೈದಾನವೂ ಅನಂತರ ಯಲಹಂಕದ ವಾಯುಸೇನಾ ನೆಲೆಯೂ ದೊರೆಯುತ್ತವೆ. ಆ ಭಾಗದ ಆಕಾಶದಲ್ಲಿ ಯುದ್ಧವಿಮಾನಗಳು ಹಾರಿದಾಗಲೆಲ್ಲ, ಇಂಥವು ನಮ್ಮ ಋಷಿಗಳ ಕಾಲದಲ್ಲಿಯೇ ಇದ್ದುವೆಂದು ಹೇಳುವವರು ಇಲ್ಲದಿಲ್ಲ. ಅವರು ಆಧಾರವಾಗಿ ತೋರಿಸತಕ್ಕುದು ವೈಮಾನಿಕ ಶಾಸ್ತ್ರವೆಂಬ ಗ್ರಂಥವನ್ನು. ಅದನ್ನು ಹೇಳಿ ಬರೆಯಿಸಿದ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳ ಚರಿತ್ರೆಯನ್ನು ವಾಚಕರು ಅರಿತಿರುವುದು ಯುಕ್ತವೆಂದು ಭಾವಿಸುತ್ತೇವೆ.

ಶಾಸ್ತ್ರಿಗಳು 1866ರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ವಿವಾಹವಾಯಿತು, ತಂದೆತಾಯಿಗಳು ಬೇಗನೆ ತೀರಿಕೊಂಡರು. ದಾರಿದ್ರ್ಯವೂ ರೋಗವೂ ಒಟ್ಟಿಗೆ ಬಂದೆರಗಲು, ಅವರು ಊರೂರು ಅಲೆದು ಕೋಲಾರ ಸೀಮೆಯ ಆವಣಿಯನ್ನು ಸೇರಿದರು. ಅಲ್ಲಿ ಭಾಸ್ಕರಾನಂದರೆಂಬ ಗುರುಗಳು ತಮ್ಮನ್ನು ಗುಣಪಡಿಸಿ ವಿದ್ಯಾರಹಸ್ಯಗಳನ್ನು ಉಪದೇಶಿಸಿದರೆಂದು ಅವರು ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾರೆ. ಮುಂದೆ ಆನೇಕಲ್ಲಿನಲ್ಲಿ ನೆಲೆನಿಂತು, ಭರದ್ವಾಜ ಮಹರ್ಷಿಗಳ ವಾಕ್ಯವೆಂದು ತಾವು ನಂಬಿದ ಸಂಸ್ಕೃತ ಶ್ಲೋಕಗಳನ್ನು 1918ರಿಂದ 1923ರವರೆಗೆ ಬಾಯಿಂದ ಹೇಳುತ್ತ ಬಂದರು. ವೆಂಕಟಾಚಲ ಶರ್ಮರು ಬರೆದುಕೊಂಡರು.

ಆ ಗ್ರಂಥದಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರಗಳೆಂಬ ನಾಲ್ಕು ವಿಮಾನಗಳ ವರ್ಣನೆಯುಂಟು. ಶಕುನಕ್ಕೆ ಪಕ್ಷಿಯಂತೆ ರೆಕ್ಕೆಗಳು. ತ್ರಿಪುರಕ್ಕೆ ನೆಲ, ಜಲ, ಆಕಾಶ ಮೂರರಲ್ಲಿಯೂ ಸಂಚಾರ. ವೈರಿಯ ವಿಮಾನದೊಳಗಣ ಮಾತನ್ನು ಕೇಳುವುದು, ಅದರ ಒಳಗನ್ನು ಕಾಣುವುದು, ತಾನು ಅದೃಶ್ಯವಾಗುವುದು ಮೊದಲಾದ 32 ರಹಸ್ಯಗಳನ್ನು ಚಾಲಕನು ಬಲ್ಲವನಾಗಿರಬೇಕಂತೆ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಕ್ಷೆಗಾರರಾಗಿದ್ದ ಎಲ್ಲಪ್ಪನವರು ಶಾಸ್ತ್ರಿಗಳ ಮಾತಿನಂತೆಯೇ ಇವುಗಳ ನಕ್ಷೆಗಳನ್ನು ಬರೆದುಕೊಟ್ಟರು. ಅನಂತರ ಶಾಸ್ತ್ರಿಗಳು ಕಾಲವಾದರು. ಮೂಲವೂ ಇಂಗ್ಲಿಷ್ ಅನುವಾದವೂ ನಕ್ಷೆಗಳೂ ಕೂಡಿದ ಗ್ರಂಥವನ್ನು ಮೈಸೂರಿನ ಜಿ. ಆರ್. ಜೋಸ್ಯರ್ ಅವರು 1973ರಲ್ಲಿ ಪ್ರಕಟಿಸಿದರು.

ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಗ್ರಂಥವನ್ನು ಪರಿಶೀಲಿಸಿದರು. ಅದರ ಸಂಸ್ಕೃತವು ವೈದಿಕವಲ್ಲ, ಈಚಿನದು. ಗ್ರಂಥವು 1904ಕ್ಕಿಂತ ಹಿಂದಿನದೆಂದು ಹೇಳಲಾಗದು. ವಿವರಿಸಿದ ಯಾವ ವಿಮಾನವೂ ಹಾರಲಾರದು ಎಂಬುದೇ ಅವರ ನಿರ್ಣಯ. ರೈಟ್ ಸಹೋದರರು ಹಾರಿದ್ದು 1903ರಲ್ಲಿ ಎಂಬುದನ್ನು ಇಲ್ಲಿ ನೆನೆಯತಕ್ಕದ್ದು.

ಈ ನಿರ್ಣಯದಿಂದ ದೇಶದ ಮಾನಕ್ಕೆ ಕುಂದು ಬಂದಿತೆಂದು ಕೆಲವರು ನೊಂದುಕೊಳ್ಳುವರು. 2015ರಲ್ಲಿ ಮುಂಬಯಿಯ ವಿಜ್ಞಾನ ಸಮ್ಮೇಳನದಲ್ಲಿಯೂ ಪ್ರಾಚೀನ ವಿಮಾನಗಳ ವಾದವನ್ನು ಮಂಡಿಸಿದವರುಂಟು. ನಮಗಾದರೋ ಹಾಗೆ ತೋರುವುದಿಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯನೆಂಬ ವೀರನ ಕಲ್ಲು ದೊರೆತಾಗ, ಅಕ್ಷರಗಳ ರೂಪವನ್ನು ಪರೀಕ್ಷಿಸಿ ಅದು ಕ್ರಿ. ಶ. 750ರ ಸುಮಾರಿನದೆಂದು ವಿದ್ವಾಂಸರು ಗೊತ್ತುಮಾಡಿದರು, ಕನ್ನಡಿಗರೆಲ್ಲರೂ ಹೆಮ್ಮೆಪಟ್ಟರು. ಬರಹವನ್ನು ನೋಡಿ ಕಾಲವನ್ನು ನಿರ್ಣಯಿಸುವ ಪದ್ಧತಿಯನ್ನು ಕಲ್ಲಿಗೆ ಒಪ್ಪಿ, ಗ್ರಂಥಕ್ಕೆ ಒಪ್ಪೆವೆನ್ನುವುದು ನ್ಯಾಯವೆ? ಸುಳ್ಳಾದ ಪ್ರಾಚೀನತೆಗೆ ಜಯಕಾರ ಹಾಕುವ ದೇಶವು ನಿಜವಾದ ಪ್ರಾಚೀನತೆಯ ಮೇಲಣ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ.

ಶಾಸ್ತ್ರಿಗಳನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಪರರು ಹಾರುತ್ತಿದ್ದ ಕಾಲದಲ್ಲಿ, ಪರಾಧೀನವಾದ ದೇಶದ ಬಡ ಪಂಡಿತರೊಬ್ಬರು ತಮ್ಮವರಿಗೂ ರೆಕ್ಕೆಗಳನ್ನು ಕಲ್ಪಿಸಿದರು. ಆ ಹಂಬಲವು ಗೌರವಾರ್ಹವಾದುದು. ಅದನ್ನು ಶಾಸ್ತ್ರವೆನ್ನುವುದೇ ತಪ್ಪು. ಹಂಬಲವನ್ನು ನಿಜಮಾಡಿದವರು ಬೇರೆ. 1940ನೆಯ ಇಸವಿಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ಸ್ಥಾಪಿತವಾಯಿತು. ಡಾಕ್ಟರ್ ವಿ. ಎಂ. ಘಾಟಗೆಯವರು ಲೆಕ್ಕಹಾಕಿ ರೂಪಿಸಿದ ಎಚ್‌ಟಿ-2 ವಿಮಾನವು 1951ರಲ್ಲಿ ಇಲ್ಲಿಯೇ ಹಾರಿತು. 2001ರಲ್ಲಿ ತೇಜಸ್ ಹಾರಿತು. ಎಲ್ಲಪ್ಪನವರ ನಕ್ಷೆಗಳನ್ನು ಕಲ್ಪನೆಯ ಚಿತ್ರಗಳೆಂದು ಆದರದಿಂದ ಕಾಪಾಡೋಣ. ಮಕ್ಕಳಿಗೆ ವಿಮಾನವಿದ್ಯೆಯನ್ನು ಮಾತ್ರ ಹಾರಿದ ವಿಮಾನಗಳಿಂದಲೇ ಕಲಿಸೋಣ.