ಕಮಾನನ್ನು ನೇರ ಮಾಡಿದ ವಾಟ್

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕಬ್ಬಿನ ಲಾರಿ ನಾವೆಲ್ಲ ನೋಡಿರ್ತೀವಿ. ಅವುಗಳ ಹಿಂದಿನ ಆಕ್ಸಲ್ಲನ್ನು ಪಟ್ಟಿ ಸ್ಪ್ರಿಂಗೇ ಹಿಡಿದಿರುತ್ತೆ. ಪಟ್ಟಿ ತೆಗೆದು ಏರ್ ಬ್ಯಾಗ್ ಹಾಕಿದ್ರೆ, ಬ್ಯಾಗ್ ಭಾರ ಹೊರುತ್ತೆ ಅಷ್ಟೇ. ಆಕ್ಸಲ್ ಹಿಡಿಯೋಕೆ ನಾಲ್ಕು ಲಿಂಕ್ ಬೇಕು. ನಾಲ್ಕೂ ಸಮಾನಾಂತರ ಇದ್ರೆ, ಆಕ್ಸಲ್ ಅಡ್ಡ ಸರಿಯದಂತೆ ಇನ್ನೊಂದು ಜೋಡಣೆಯೂ ಬೇಕು. ಅಂಥ ಒಂದು ಜೋಡಣೆಗೆ ಉಗಿ ಎಂಜಿನ್ನಿನ ಜೇಮ್ಸ್ ವಾಟ್ ಹೆಸರೇ ಇದೆ.

ವಾಟ್ ಹುಟ್ಟಿದ್ದು 1736ರಲ್ಲಿ, ಸ್ಕಾಟ್ಲೆಂಡಿನ ಗ್ರೀನಾಕ್‌ನಲ್ಲಿ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣ ತಯಾರಿಸುತ್ತಿದ್ದರು. ಅಲ್ಲಿ ನ್ಯೂಕಾಮನ್ ಎಂಜಿನ್ನಿನ ಮಾದರಿ ರಿಪೇರಿ ಮಾಡುವಾಗ ಉಗಿ ಎಷ್ಟು ವ್ಯರ್ಥವಾಗ್ತಿದೆ ಅಂತ ಕಂಡರು. 1769ರಲ್ಲಿ ಪ್ರತ್ಯೇಕ ಕಂಡೆನ್ಸರ್‌ಗೆ ಪೇಟೆಂಟ್ ಪಡೆದರು. 1775ರಲ್ಲಿ ಮ್ಯಾಥ್ಯೂ ಬೌಲ್ಟನ್ ಪಾಲುದಾರರಾದರು.

ಆಮೇಲೆ ಇನ್ನೊಂದು ತೊಡಕು. ಪಿಸ್ಟನ್ ರಾಡ್ ನೇರ ಹೋಗಬೇಕು, ಬೀಮಿನ ತುದಿ ಕಮಾನಿನಲ್ಲಿ ತಿರುಗುತ್ತೆ. 1784ರಲ್ಲಿ ವಾಟ್ ಕೆಲವೇ ಸರಳುಗಳನ್ನು ಕೀಲಿನಿಂದ ಜೋಡಿಸಿ ಹೆಚ್ಚುಕಡಿಮೆ ನೇರ ಚಲನೆ ಪಡೆದರು. ತಮ್ಮ ಯಂತ್ರ ಶೋಧಗಳಲ್ಲಿ ಇದರ ಬಗ್ಗೆಯೇ ಅವರಿಗೆ ಹೆಚ್ಚು ಹೆಮ್ಮೆ. 1819ರಲ್ಲಿ ತೀರಿಕೊಂಡರು.

ಲಾರಿಯಲ್ಲೂ ಅದೇ ತೊಡಕು. ಅಡ್ಡಕ್ಕೆ ಒಂದೇ ಸರಳು ಹಾಕಿದ್ರೆ, ಬ್ಯಾಗ್ ಉಬ್ಬಿ ಇಳಿಯುವಾಗ ಆಕ್ಸಲ್ ಕಮಾನಿನಲ್ಲಿ ಸರಿದು ಟೈರು ಬಾಡಿಗೆ ತಾಗಬಹುದು. ಎರಡು ಉದ್ದ ಲಿಂಕ್, ನಡುವೆ ಒಂದು ಗಿಡ್ಡ ಲಿಂಕ್ ಹಾಕಿದ್ರೆ ನೇರ ಏರಿಳಿಯುತ್ತೆ. ನಾವು ಪರೀಕ್ಷೆಗೆ ಬಾಯಿಪಾಠ ಮಾಡೋ ವಾಟ್ ಮೆಕ್ಯಾನಿಸಂ ಇದೇ.