ಕೆನಡಿ ಬಚ್ಚಿಟ್ಟ ಕಾಯಿಲೆ: ಒಂದು ಪರೀಕ್ಷೆ, ಒಂದು ಅರ್ಧಸತ್ಯ

1960ರ ಜುಲೈ ಮೊದಲ ವಾರ. ಅಮೆರಿಕದ ಡೆಮಾಕ್ರಟಿಕ್ ಪಕ್ಷ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಲಾಸ್ ಏಂಜಲೀಸ್‌ನಲ್ಲಿ ಸೇರುವುದಕ್ಕೆ ಕೆಲವೇ ದಿನ ಬಾಕಿ. ರೇಸಿನಲ್ಲಿ ಮುಂದಿದ್ದವರು 43 ವರ್ಷದ ಸೆನೆಟರ್ ಜಾನ್ ಎಫ್. ಕೆನಡಿ. ಅವರ ಯೌವನ, ಚುರುಕುತನವೇ ಪ್ರಚಾರದ ಬಂಡವಾಳ. ಅಷ್ಟರಲ್ಲಿ ಪ್ರತಿಸ್ಪರ್ಧಿ ಲಿಂಡನ್ ಜಾನ್ಸನ್ ಬಣದವರು ಪತ್ರಿಕಾಗೋಷ್ಠಿ ಕರೆದು, ಕೆನಡಿಗೆ ಅಡಿಸನ್ ಕಾಯಿಲೆ ಇದೆ ಅಂದುಬಿಟ್ಟರು. ಉದ್ದೇಶ ಜನರ ಹಿತವೇನಲ್ಲ, ಟಿಕೆಟ್. ಆದರೆ ಹೇಳಿದ್ದು ಮಾತ್ರ ನಿಜ.

ಎರಡು ಕಿಡ್ನಿಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಪುಟ್ಟ ಗ್ರಂಥಿಗಳು ಅಡ್ರಿನಲ್. ಅವು ಕೊಡುವ ಕಾರ್ಟಿಸಾಲ್ ಹಾರ್ಮೋನು ಇಲ್ಲದಿದ್ದರೆ ಜ್ವರ, ಅಪಘಾತ, ಆಪರೇಷನ್ ಯಾವುದನ್ನೂ ದೇಹ ತಾಳಿಕೊಳ್ಳಲ್ಲ. ಬಿಪಿ ಕುಸಿದು ಜೀವವೇ ಹೋಗಬಹುದು. ಈ ಗ್ರಂಥಿಗಳು ಹಾಳಾಗುವ ರೋಗವನ್ನು 1855ರಲ್ಲಿ ವಿವರಿಸಿದ್ದು ಲಂಡನ್ನಿನ ವೈದ್ಯ ಥಾಮಸ್ ಅಡಿಸನ್.

ಕೆನಡಿಗೆ ಇದು ಪತ್ತೆಯಾಗಿದ್ದೂ ಲಂಡನ್ನಿನಲ್ಲೇ, 1947ರಲ್ಲಿ. ಸಂಸದರಾಗಿ ಒಂದು ವರ್ಷವೂ ಆಗಿರಲಿಲ್ಲ. ಹಡಗಿನಲ್ಲಿ ಊರಿಗೆ ಮರಳುವಾಗ ಪಾದ್ರಿಯನ್ನು ಕರೆಸಿ ಅಂತಿಮ ಸಂಸ್ಕಾರದ ವಿಧಿಯನ್ನೂ ಮುಗಿಸಿದ್ದರು. ಹೊರಗೆ ಹೇಳಿದ್ದು ಮಾತ್ರ ಯುದ್ಧಕಾಲದ ಮಲೇರಿಯಾ ಮರುಕಳಿಸಿದೆ ಅಂತ. ಆಮೇಲೆ ಚರ್ಮದಡಿ ಹಾರ್ಮೋನು ಗುಳಿಗೆ ಇಡುವ ಚಿಕಿತ್ಸೆ ಶುರುವಾಯಿತು. 1948ರಲ್ಲಿ ರೋಗಿಗಳ ಮೇಲೆ ಮೊದಲು ಪ್ರಯೋಗವಾದ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಮುಂದೆ ಕೆನಡಿಗೂ ದಿನನಿತ್ಯದ ಔಷಧಿಯಾಯಿತು.

1954ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಬೆನ್ನಿನ ಆಪರೇಷನ್. ಅಡ್ರಿನಲ್ ಸೋತವರಿಗೆ ಇಂಥ ಆಪರೇಷನ್ ಎಂದರೆ ಪ್ರಾಣಸಂಕಟ. ವೈದ್ಯರಿಗೆ ಇದು ಗೊತ್ತಿದ್ದುದರಿಂದ ಹೆಚ್ಚುವರಿ ಹಾರ್ಮೋನು ಕೊಟ್ಟೇ ಕೈಹಾಕಿದರು. ಆದರೂ ಸೋಂಕು ತಗುಲಿ ಕೋಮಾಕ್ಕೆ ಹೋಗಿ ಬಂದರು. ಮರುವರ್ಷ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 37 ವರ್ಷದ ಅನಾಮಧೇಯ ರೋಗಿಯೊಬ್ಬನ ಪ್ರಕರಣ ಅಚ್ಚಾಯಿತು. ಆ ರೋಗಿ ಕೆನಡಿಯೇ. ಅಂದರೆ ವೈದ್ಯಲೋಕಕ್ಕೆ ಕಾಯಿಲೆ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಜನರಿಗೆ ಹೆಸರು ಗೊತ್ತಿತ್ತು, ಕಾಯಿಲೆ ಗೊತ್ತಿರಲಿಲ್ಲ.

ಹಾಗಾದರೆ 1960ರಲ್ಲಿ ಪಾರಾಗಿದ್ದು ಹೇಗೆ? ಎರಡು ಚಾಲಾಕಿತನದಿಂದ. ಮೊದಲನೆಯದು ವ್ಯಾಖ್ಯಾನದ ಆಟ. ಅಡಿಸನ್ ಕಾಯಿಲೆ ಎಂದರೆ ಕ್ಷಯದಿಂದ ಗ್ರಂಥಿ ನಾಶವಾಗುವುದು ಅಂತ ಅರ್ಥವನ್ನೇ ಕಿರಿದು ಮಾಡಿ, ಕ್ಷಯ ಇಲ್ಲವಾದ್ದರಿಂದ ಕಾಯಿಲೆಯೂ ಇಲ್ಲ ಅಂದರು. ಎರಡನೆಯದು ಪರೀಕ್ಷೆಯ ಆಟ. 1958ರ ಡಿಸೆಂಬರ್‌ನಲ್ಲಿ ನಡೆದ ತಪಾಸಣೆ ಪ್ರಕಾರ ಅಡ್ರಿನಲ್ ಕೆಲಸ ಮಾಡುತ್ತಿದೆ ಅಂತ ಅವರ ವೈದ್ಯರಿಬ್ಬರು ಪತ್ರ ಬರೆದುಕೊಟ್ಟರು. ಎಷ್ಟು ಕೆಲಸ ಮಾಡುತ್ತಿದೆ, ದಿನಾ ಔಷಧಿ ನಿಂತರೆ ಏನಾಗುತ್ತೆ ಅನ್ನೋದು ಜನರ ಕಿವಿಗೆ ಬೀಳಲೇ ಇಲ್ಲ. ಕೆನಡಿ ಒಂದು ಲಕ್ಷಕ್ಕಿಂತ ಸ್ವಲ್ಪವೇ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಉಪಾಧ್ಯಕ್ಷ ಯಾರು? ಅದೇ ಜಾನ್ಸನ್!

1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಗುಂಡಿಗೆ ಬಲಿಯಾದಾಗ ಕೆನಡಿಗೆ 46. ಮರಣೋತ್ತರ ವರದಿ ಅಡ್ರಿನಲ್ ಬಗ್ಗೆ ಬಾಯಿ ಬಿಡಲಿಲ್ಲ. ಗ್ರಂಥಿಯ ಕುರುಹೇ ಕಂಡಿರಲಿಲ್ಲ ಅನ್ನೋದು ಹೊರಬಂದಿದ್ದು 1992ರಲ್ಲಿ. ಹೊಟ್ಟೆಯ ಕಾಯಿಲೆಗೆಂದು ಎಳೆಯ ವಯಸ್ಸಿನಲ್ಲೇ ತಗೊಂಡ ಸ್ಟಿರಾಯ್ಡ್‌ಗಳೇ ಗ್ರಂಥಿಯನ್ನು ಸೊರಗಿಸಿದವು ಅಂತ ಕೆಲವರ ಅನುಮಾನ. ಥೈರಾಯ್ಡ್ ತೊಂದರೆಯೂ ಇದ್ದದ್ದರಿಂದ ದೇಹವೇ ತನ್ನ ಗ್ರಂಥಿಗಳ ಮೇಲೆ ತಿರುಗಿಬಿದ್ದ ರೋಗವಿದು ಅಂತ ಇನ್ನು ಕೆಲವರು.

ಆ ಅನುಮಾನ ನಮ್ಮ ಮನೆಗಳಿಗೂ ಸಂಬಂಧಿಸಿದ್ದು. ಉಬ್ಬಸಕ್ಕೆ ದಿನಾ ಎಳೆದುಕೊಳ್ಳುವ ಅನೇಕ ಇನ್ಹೇಲರ್‌ಗಳಲ್ಲಿ ಇರುವುದು ಸ್ಟಿರಾಯ್ಡೇ. ಹೊರಗಿಂದ ಸ್ಟಿರಾಯ್ಡ್ ಬರುತ್ತಾ ಹೋದರೆ ಗ್ರಂಥಿಗೆ ಕೆಲಸ ಹಚ್ಚುವ ಎಸಿಟಿಎಚ್ ಹಾರ್ಮೋನನ್ನು ಮೆದುಳಿನ ಬುಡದ ಪಿಟ್ಯುಟರಿ ಕಡಿಮೆ ಮಾಡಬಹುದು. ಕೆಲಸವಿಲ್ಲದ ಅಡ್ರಿನಲ್ ಸೊರಗಬಹುದು. ಸಾಧಾರಣ ಡೋಸಿನಲ್ಲಿ ಈ ಅಪಾಯ ಕಡಿಮೆ. ಹೆಚ್ಚಿನ ಡೋಸು, ವರ್ಷಗಟ್ಟಲೆ ಬಳಕೆ, ನಡುನಡುವೆ ಸ್ಟಿರಾಯ್ಡ್ ಮಾತ್ರೆ ಇದ್ದವರಿಗೆ, ಅದರಲ್ಲೂ ಮಕ್ಕಳಿಗೆ, ಎಚ್ಚರ ಬೇಕು. ವಿಪರೀತ ಸುಸ್ತು, ವಾಂತಿ, ತೂಕ ಇಳಿಕೆ ಕಂಡರೆ ವೈದ್ಯರು ಬೆಳಗ್ಗೆಯೇ ರಕ್ತ ತೆಗೆದು ಕಾರ್ಟಿಸಾಲ್ ನೋಡುತ್ತಾರೆ. ಅದರಲ್ಲಿ ಸ್ಪಷ್ಟವಾಗದಿದ್ದರೆ ಕೃತಕ ಎಸಿಟಿಎಚ್ ಚುಚ್ಚಿ, ಅರ್ಧ ಗಂಟೆ, ಒಂದು ಗಂಟೆಯ ನಂತರ ಮತ್ತೆ ಅಳೆಯುತ್ತಾರೆ. ಗ್ರಂಥಿ ಕೆಲಸ ಮಾಡುತ್ತಾ ಅಂತ ಕೇಳಿದರೆ ಸಾಲದು, ಆಪತ್ತಿನ ಹೊತ್ತಿಗೆ ಸಾಕಾಗುವಷ್ಟು ಮಾಡುತ್ತಾ ಅಂತ ಕೇಳಬೇಕು. ಇದನ್ನೋದಿ ಇನ್ಹೇಲರ್ ಬಿಸಾಕಬೇಡಿ. ದಿಢೀರನೆ ನಿಲ್ಲಿಸುವುದೇ ದೊಡ್ಡ ಅಪಾಯ.

ಕಾಯಿಲೆ ಇದ್ದದ್ದು ಕೆನಡಿಯ ತಪ್ಪಲ್ಲ. ಅದನ್ನಿಟ್ಟುಕೊಂಡೇ 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟನ್ನು ನಿಭಾಯಿಸಿದರು. ಆದರೆ ಅಣುಬಾಂಬಿನ ಗುಂಡಿ ಯಾರ ಕೈಗೆ ಕೊಡುತ್ತಿದ್ದೇವೆ ಅಂತ ತಿಳಿಯುವ ಹಕ್ಕು ಮತದಾರರಿಗಿತ್ತು. ಗಟ್ಟಿಮುಟ್ಟಾದ ಗಂಡಸನ್ನೇ ನಾಯಕ ಅಂದುಕೊಳ್ಳುವ ಸಮಾಜ ಈ ಸುಳ್ಳನ್ನು ಅವರಿಂದ ಹೇಳಿಸಿತು ಅನ್ನೋದೂ ನಿಜ. ಆಪರೇಷನ್ ಟೇಬಲ್ ಮೇಲೆ ಕೆನಡಿಯನ್ನು ಉಳಿಸಿದ್ದು ವೈದ್ಯರಿಗೆ ಮೊದಲೇ ಹೇಳಿದ್ದ ಪೂರ್ತಿ ಸತ್ಯ. ಅದರಲ್ಲಿ ಅರ್ಧವಾದರೂ ಜನರ ಪಾಲಿಗೆ ಸಿಗಬೇಕಿತ್ತು.