ಬ್ಯಾಸ್ಕೆಟ್‌ಬಾಲ್ ಗುರು ಜಾನ್ ಮೆಕ್ಲೆಂಡನ್



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹನೀಯರ ಜೀವನ ಬರೆಯಿರಿ ಅಂತ ಕನ್ನಡ ಮೇಷ್ಟ್ರು ಹೇಳಿದರು. ಗಾಂಧೀಜಿ, ವಿವೇಕಾನಂದರು, ಸರ್ ಎಂ. ವಿಶ್ವೇಶ್ವರಯ್ಯ ಎಲ್ಲರನ್ನೂ ಬೇರೆಯವರು ಮೊದಲೇ ತಗೊಂಡುಬಿಟ್ಟಿದ್ದರು. ನಾನು ಅಮೆರಿಕದ ಒಬ್ಬರ ಬಗ್ಗೆ ಬರೆಯುತ್ತೇನೆ. ಅವರು ಜಾನ್ ಮೆಕ್ಲೆಂಡನ್. ಅಲ್ಲಿ ಬ್ಯಾಸ್ಕೆಟ್‌ಬಾಲ್ ಬಲ್ಲವರಿಗೆಲ್ಲ ಪರಿಚಿತ ಹೆಸರು.

ಇವರ ಕಥೆ ನನಗೆ ಹೇಳಿದ್ದು ನಮ್ಮ ಪಿ.ಟಿ. ಮೇಷ್ಟ್ರು. ಹೋಬಳಿ ಮಟ್ಟದ ಖೋಖೋ ತಂಡದ ಪಟ್ಟಿ ಹಾಕಿದ ದಿನ ಅದರಲ್ಲಿ ನನ್ನ ಹೆಸರು ಇರಲಿಲ್ಲ. ಬೇವಿನ ಮರದ ಕೆಳಗೆ ಮುಖ ಊದಿಸಿಕೊಂಡು ಕೂತಿದ್ದೆ. ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಈ ಕಥೆ ಹೇಳಿದರು.

ಮೊದಲು ಆಟದ ವಿಷಯ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ನೇ ಇಸವಿ ಡಿಸೆಂಬರ್‌ನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಚಳಿಗಾಲದಲ್ಲಿ ಒಳಗೇ ಆಡಲಿ ಅಂತ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಎರಡು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಮೊಳೆ ಹೊಡೆದು ಕೂರಿಸಿದರು, 13 ನಿಯಮ ಬರೆದರು. ಆ ಬುಟ್ಟಿಯಿಂದಲೇ ಆಟಕ್ಕೆ ಈ ಹೆಸರು.

ಮೆಕ್ಲೆಂಡನ್ ಹುಟ್ಟಿದ್ದು 1915ರ ಏಪ್ರಿಲ್ 5ರಂದು, ಕ್ಯಾನ್ಸಸ್ ರಾಜ್ಯದ ಹಯವಾಥಾದಲ್ಲಿ. ಅವರದು ಕಪ್ಪು ಜನಾಂಗದ ಕುಟುಂಬ. ಚಿಕ್ಕಂದಿನಿಂದಲೂ ಅವರಿಗೆ ಈ ಆಟದ ಹುಚ್ಚು. 1933ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯ ಸೇರಿದರು. ಆಟ ಕಂಡುಹಿಡಿದ ನೈಸ್ಮಿತ್ ಆಗ ಅಲ್ಲೇ ಪ್ರೊಫೆಸರ್ ಆಗಿದ್ದರು. ತಂದೆ ಹೇಳಿಕೊಟ್ಟ ಹಾಗೆ ಈ ಹುಡುಗ ನೆಟ್ಟಗೆ ಅವರ ಹತ್ತಿರ ಹೋಗಿ, ನೀವೇ ನನಗೆ ಮಾರ್ಗದರ್ಶಕರು ಅಂತ ಹೇಳಿಬಿಟ್ಟರಂತೆ! ನೈಸ್ಮಿತ್ ಒಪ್ಪಿಕೊಂಡರು.

ಆದರೆ ಆ ವಿಶ್ವವಿದ್ಯಾಲಯದ ತಂಡಕ್ಕೆ ಕಪ್ಪು ಹುಡುಗರನ್ನು ಸೇರಿಸುತ್ತಿರಲಿಲ್ಲ. ಆಟ ಹುಟ್ಟಿಸಿದವರ ಶಿಷ್ಯನೇ ಆಟಕ್ಕೆ ಇಳಿಯುವ ಹಾಗಿಲ್ಲ. ಇನ್ನೂ ಒಂದು ಕೇಳಿ. ಪಿ.ಟಿ. ಶಿಕ್ಷಕರಾಗುವವರು ಈಜು ಕಲಿಯಲೇಬೇಕಿತ್ತು. ಮೆಕ್ಲೆಂಡನ್ ಈಜುಕೊಳಕ್ಕೆ ಇಳಿದು ಹೋದ ಮೇಲೆ ಅದರ ನೀರನ್ನೆಲ್ಲ ಹೊರಗೆ ಬಿಟ್ಟರಂತೆ!

ಇದನ್ನು ಕೇಳಿದಾಗ ನನಗೆ ನಮ್ಮಜ್ಜಿ ನೆನಪಾದರು. ಅವರ ಕಾಲಕ್ಕೆ ನಮ್ಮ ಕೇರಿಯವರ ಬಿಂದಿಗೆ ಬಾವಿಗೆ ಇಳಿಯುವ ಹಾಗಿರಲಿಲ್ಲವಂತೆ. ಯಾರಾದರೂ ಸೇದಿ ಮೇಲಿನಿಂದ ಹೊಯ್ಯುವವರೆಗೂ ದೂರದಲ್ಲಿ ನಿಂತು ಕಾಯಬೇಕಿತ್ತು. ಎಲ್ಲಿಯ ಅಮೆರಿಕ, ಎಲ್ಲಿಯ ನಮ್ಮೂರು! ನೀರಿನ ವಿಷಯದಲ್ಲಿ ಮಾತ್ರ ಎರಡು ಕಡೆಯ ಬುದ್ಧಿಯೂ ಒಂದೇ.

ಮೆಕ್ಲೆಂಡನ್ ಓದು ಬಿಡಲಿಲ್ಲ. ಈಜನ್ನೂ ಬಿಡಲಿಲ್ಲ. ನೈಸ್ಮಿತ್ ಅವರ ಬೆನ್ನಿಗೆ ನಿಂತರು. 1936ರಲ್ಲಿ ಅಲ್ಲಿ ದೈಹಿಕ ಶಿಕ್ಷಣದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಎನಿಸಿಕೊಂಡರು.

ಆಮೇಲೆ ಡರ್ಹ್ಯಾಮ್ ಎಂಬ ಊರಿಗೆ ಹೋದರು. ಅಲ್ಲಿ ಕಪ್ಪು ವಿದ್ಯಾರ್ಥಿಗಳಿಗೆಂದೇ ಇದ್ದ ನಾರ್ತ್ ಕೆರೊಲಿನಾ ಕಾಲೇಜಿನಲ್ಲಿ 1940ರಿಂದ ಮುಖ್ಯ ತರಬೇತುದಾರರಾದರು. ಆಗ ಬಹಳ ತಂಡಗಳು ನಿಂತು ನಿಧಾನಕ್ಕೆ ಆಡುತ್ತಿದ್ದವು. ಇವರದು ಓಡುವ ಆಟ. ಚೆಂಡು ಕೈಗೆ ಸಿಕ್ಕ ತಕ್ಷಣ ಎದುರಾಳಿಗಳು ಸುಧಾರಿಸಿಕೊಳ್ಳುವ ಮೊದಲೇ ನುಗ್ಗಬೇಕು. ಚೆಂಡು ಅವರ ಕೈಯಲ್ಲಿದ್ದರೆ ಅಂಗಳದ ಈ ತುದಿಯಿಂದ ಆ ತುದಿಯವರೆಗೂ ಬಿಡದೆ ಮುತ್ತಬೇಕು. ಇದಕ್ಕೆ ದಮ್ಮು ಬೇಕಲ್ಲ? ಅದಕ್ಕೆ ಹುಡುಗರನ್ನು ಮೈಲಿಗಟ್ಟಲೆ ಓಡಿಸುತ್ತಿದ್ದರು.

ಈಗ ಮುಖ್ಯವಾದ ಘಟನೆ. ಅದೇ ಊರಿನಲ್ಲಿ ಬಿಳಿಯರ ಡ್ಯೂಕ್ ವಿಶ್ವವಿದ್ಯಾಲಯ ಇತ್ತು. ಅಲ್ಲಿ ಯುದ್ಧಕಾಲದಲ್ಲಿ ವೈದ್ಯಕೀಯ ಓದುತ್ತಿದ್ದ ಹುಡುಗರ ತಂಡ ಬಹಳ ಜೋರಾಗಿತ್ತು. ಯಾರು ಮೇಲು ಅಂತ ಎರಡೂ ಕಡೆ ಕುತೂಹಲ. ಆದರೆ ಕಪ್ಪು ಬಿಳಿ ಒಟ್ಟಿಗೆ ಆಡುವುದು ಆ ಕಡೆ ನಿಷಿದ್ಧ. ಆಡಿದರೆ ಏನು ಬೇಕಾದರೂ ಆಗಬಹುದಿತ್ತು. ಅದೇ ವರ್ಷ ಜುಲೈನಲ್ಲಿ ಅದೇ ಊರಿನಲ್ಲಿ, ಬಸ್ಸಿನಲ್ಲಿ ಎಲ್ಲಿ ಕೂರಬೇಕು ಎಂಬ ಜಗಳಕ್ಕೆ ಒಬ್ಬ ಕಪ್ಪು ಸೈನಿಕನನ್ನು ಡ್ರೈವರ್ ಗುಂಡಿಟ್ಟು ಕೊಂದ ಅಂದರೆ ನೀವೇ ಯೋಚಿಸಿ.

1944ರ ಮಾರ್ಚ್ 12, ಭಾನುವಾರ. ಊರಿನವರು ಚರ್ಚಿಗೆ ಹೋಗಿದ್ದ ಹೊತ್ತು. ಬಿಳಿ ಹುಡುಗರು ಸುತ್ತುದಾರಿ ಹಿಡಿದು, ತಲೆಯ ಮೇಲೆ ಕೋಟು ಹೊದ್ದುಕೊಂಡು ಒಳಗೆ ಬಂದರು. ಬಾಗಿಲಿಗೆ ಬೀಗ ಬಿತ್ತು. ಪ್ರೇಕ್ಷಕರಿಲ್ಲ, ಚಪ್ಪಾಳೆ ಇಲ್ಲ. ಮೊದಮೊದಲು ಎರಡೂ ಕಡೆಯವರಿಗೆ ಕೈ ನಡುಗಿ ಚೆಂಡು ಜಾರುತ್ತಿತ್ತಂತೆ. ಸ್ವಲ್ಪ ಹೊತ್ತಾದ ಮೇಲೆ ಮೆಕ್ಲೆಂಡನ್ ಹುಡುಗರು ಓಡಲು ಶುರು ಮಾಡಿದರು. ಕೊನೆಗೆ 88-44. ಸರಿಯಾಗಿ ಎರಡರಷ್ಟು!

ಆದರೆ ಅಷ್ಟಕ್ಕೇ ಅವರು ಮನೆಗೆ ಹೋಗಲಿಲ್ಲ. ಎರಡೂ ತಂಡದವರನ್ನು ಬೆರೆಸಿ, ಕಪ್ಪು ಬಿಳಿ ಒಂದೇ ಕಡೆ ಸೇರಿ ಇನ್ನೊಂದು ಆಟ ಆಡಿದರು. ನನಗೆ 88-44ಕ್ಕಿಂತ ಈ ಎರಡನೇ ಆಟವೇ ದೊಡ್ಡದು ಅನ್ನಿಸುತ್ತದೆ. ಆಡಿದವರು ಗುಟ್ಟು ಕಾಪಾಡಿದರು. 1996ರಲ್ಲಿ ಸ್ಕಾಟ್ ಎಲ್ಸ್‌ವರ್ತ್ ಎಂಬ ಇತಿಹಾಸಕಾರರು ಬರೆದ ಮೇಲೆಯೇ ಲೋಕಕ್ಕೆಲ್ಲ ತಿಳಿಯಿತು.

1954ರಲ್ಲಿ ಅವರು ನ್ಯಾಶ್ವಿಲ್‌ನ ಟೆನೆಸ್ಸೀ ಎ ಅಂಡ್ ಐ ಕಾಲೇಜಿಗೆ ಹೋದರು. ಕ್ಯಾನ್ಸಸ್ ಸಿಟಿಯ ಪಂದ್ಯಾವಳಿಗೆ ಕರೆ ಬಂದಾಗ ಒಂದು ಷರತ್ತು ಹಾಕಿದರು. ಬೇರೆ ತಂಡಗಳು ಇಳಿಯುವ ಹೋಟೆಲಿನಲ್ಲೇ ನಮ್ಮ ಹುಡುಗರಿಗೂ ಜಾಗ ಕೊಡಬೇಕು, ಇಲ್ಲವಾದರೆ ಬರುವುದಿಲ್ಲ. ಷರತ್ತು ಒಪ್ಪಬೇಕಾಯಿತು. ಎನ್.ಎ.ಐ.ಎ. ಎಂಬ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿಯನ್ನು 1957, 1958, 1959ರಲ್ಲಿ ಮೂರು ವರ್ಷ ಸಾಲಾಗಿ ಗೆದ್ದರು. ಹೀಗೆ ಗೆದ್ದ ತರಬೇತುದಾರರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

1966ರಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಬಿಳಿಯರೇ ಹೆಚ್ಚಾಗಿದ್ದ ವಿಶ್ವವಿದ್ಯಾಲಯದ ತಂಡಕ್ಕೆ ಮುಖ್ಯ ತರಬೇತುದಾರರಾದ ಮೊದಲ ಕಪ್ಪು ವ್ಯಕ್ತಿ ಅವರೇ. ಅಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಅದನ್ನೂ ಮುಚ್ಚಿಡದೆ ಬರೆಯಬೇಕಲ್ಲವೇ? ಆದರೂ ಆ ಬಾಗಿಲು ಒಮ್ಮೆ ತೆರೆದದ್ದು ತೆರೆದೇ ಉಳಿಯಿತು.

1999ರ ಅಕ್ಟೋಬರ್ 8ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟದ ಮಹನೀಯರನ್ನು ಗೌರವಿಸುವ ಒಂದು ಭವನವಿದೆ. ಅದಕ್ಕೆ ನೈಸ್ಮಿತ್ ಅವರದೇ ಹೆಸರು. ಅಲ್ಲಿ 1979ರಲ್ಲಿ ಮೆಕ್ಲೆಂಡನ್ ಹೆಸರು ಸೇರಿತು. ಆದರೆ ಆಗ ಆಟಕ್ಕೆ ಸೇವೆ ಮಾಡಿದವರು ಅಂತ ಸೇರಿಸಿದ್ದರೇ ಹೊರತು ತರಬೇತುದಾರರು ಅಂತ ಅಲ್ಲ. ಆ ಗೌರವ ಸಿಕ್ಕಿದ್ದು 2016ರಲ್ಲಿ, ಅವರು ಹೋಗಿ 17 ವರ್ಷ ಆದ ಮೇಲೆ.

ಗೆಳೆಯರೇ, ನನ್ನನ್ನು ಖೋಖೋ ತಂಡಕ್ಕೆ ಸೇರಿಸಲಿಲ್ಲ, ನಿಜ. ಆದರೆ ನನ್ನ ಓಟ ಸಾಲದು, ಅದಕ್ಕೆ ಸೇರಿಸಲಿಲ್ಲ. ಮೆಕ್ಲೆಂಡನ್ ಅವರಿಗೆ ಬಣ್ಣ ನೋಡಿ ಬೇಡ ಅಂದರು. ಎರಡೂ ಒಂದೇ ಅಲ್ಲ ಅಂತ ನನಗೆ ಈಗ ಗೊತ್ತು. ನನ್ನದನ್ನು ಓಡಿ ಸರಿ ಮಾಡಿಕೊಳ್ಳಬಹುದು. ಅವರದನ್ನು ಸರಿ ಮಾಡಲು ಒಂದು ಜನ್ಮವೇ ಬೇಕಾಯಿತು. ತಾನು ಆಡಲಾಗದ ಆಟವನ್ನು ನೂರಾರು ಹುಡುಗರಿಗೆ ಕಲಿಸಿ ಅವರು ಅದನ್ನು ಮಾಡಿದರು.

ಹೋದ ವಾರದಿಂದ ಸಂಜೆ ಹೊತ್ತು ಐದನೇ ತರಗತಿಯ ಮಕ್ಕಳಿಗೆ ನಾನು ಖೋಖೋ ಹೇಳಿಕೊಡ್ತಾ ಇದ್ದೀನಿ. ಯಾವ ಬೀದಿಯವರು ಅಂತ ಕೇಳೋದಿಲ್ಲ, ಬಂದವರೆಲ್ಲ ಸಾಲಿನಲ್ಲಿ ಕೂರಬಹುದು. ಬೇವಿನ ಮರದ ಹತ್ತಿರ ಬನ್ನಿ.

ಇಂತಿ ನಿಮ್ಮ,
ಒಂಬತ್ತನೇ ತರಗತಿಯ ವಿದ್ಯಾರ್ಥಿ